ಕಾಣದಂತೆ ಹೋದವನು ಬಂದು ಹೇಳಬೇಕು

ಕಳೆದ ಬೇಸಿಗೆ ರಜೆಯ ಮಾತು. ಬಳ್ಳಾರಿಯ ಬಿಸಿಲಿಗೆ ಲುಹರ್ ನಮಾಝ್ ಮುಗಿದ ಮೇಲೆ ಅಸರ್ ತನಕ ಯಾರೂ ಹೊರಗೆ ಇಳಿಯುವುದಿಲ್ಲ. ಮದ್ರಸದ ಏಳೆಂಟು ಮಕ್ಕಳು ನಮ್ಮ ಮನೆಯಲ್ಲಿ ಚಾಪೆ ಹಾಸಿ ಕೂತಿದ್ದರು. ನಡುವೆ ಬೆಂಗಳೂರಲ್ಲಿ ಎಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ. ಅವನ ಮುಂದೆ ಒಂದು ದಪ್ಪ ಪುಸ್ತಕ, ನಾಲ್ಕು ಪೆನ್ಸಿಲು ಮತ್ತು ಒಂದು ಚೀಲ ತುಂಬ ದಾಳ. ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು ಕೂಡ ಇತ್ತು.

ಮೂರನೇ ದಿನ ಸಂಜೆ ಒಬ್ಬ ಹುಡುಗನ ಉಮ್ಮ ಬಾಗಿಲ ಹತ್ತಿರ ಬಂದು ನಿಂತರು. ಅವರ ಗಂಡ ಸಿರುಗುಪ್ಪದಲ್ಲಿ ಬೇಕರಿ ಕೆಲಸದಲ್ಲಿದ್ದಾರೆ. ಮಗ ಇಲ್ಲಿ ಮಾಮನ ಮನೆಯಲ್ಲಿದ್ದು ಓದುತ್ತಾನೆ.

"ಉಸ್ತಾದ್, ಮಕ್ಕಳು ದಾಳ ಆಡ್ತಾರೆ ಅಂತ ಕೇಳಿದೆ. ಅದೂ ನನ್ನ ಮಗನಿಗೆ ಕಳ್ಳನ ಪಾತ್ರ ಅಂತೆ. ಮೊದಲೇ ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗ. ಈಗ ಬಚ್ಚಿಟ್ಟುಕೊಳ್ಳೋದನ್ನೂ ಕಲಿಸ್ತೀರಾ?"

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹುಡುಗನಿಗೆ ಹದಿಮೂರು ವರ್ಷ. ಮಾತಾಡುವಾಗ ತೊದಲುತ್ತಾನೆ. ಮದ್ರಸದಲ್ಲಿ ಓದುವ ಸರದಿ ಬಂದರೆ ನೀರು ಕುಡಿಯುವ ನೆಪ ಹೇಳಿ ಎದ್ದು ಹೋಗುತ್ತಾನೆ. ಆಟದಲ್ಲಿ ಯಾವ ಪಾತ್ರ ಬೇಕು ಎಂದು ಕೇಳಿದಾಗ ಪಟ್ಟಿಯಲ್ಲಿ ಒಂದೇ ಸಾಲಿನ ಮೇಲೆ ಬೆರಳಿಟ್ಟಿದ್ದ. ಯಾರಿಗೂ ಕಾಣದಂತೆ ಓಡಾಡುವವನ ಪಾತ್ರ ಅದು. ಯಾಕೆ ಎಂದು ಯಾರೂ ಕೇಳಿರಲಿಲ್ಲ.

"ಒಂದು ವಾರ ಸಮಯ ಕೊಡಿ ತಾಯೀ. ನೋಡಿ ಹೇಳ್ತೇನೆ" ಅಂದೆ. ಆ ವಾರದಲ್ಲಿ ನೋಡಿದ್ದನ್ನೂ ಆಮೇಲೆ ನಡೆದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಆಟಗಳು ಈಗ ನಮ್ಮ ಮನೆಗಳಿಗೂ ಬರುತ್ತಿವೆ. ಬೇಡ ಎನ್ನುವ ಮೊದಲು ಅದೇನೆಂದು ತಿಳಿಯುವುದು ಒಳ್ಳೆಯದು.

ರೋಗ್ ಅಂದರೆ ರೋಗ ಅಲ್ಲ

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದದ್ದು. ಮೊಬೈಲು ಬೇಡ, ಕರೆಂಟೂ ಬೇಡ. ಒಬ್ಬ ಕಥೆ ನಡೆಸುತ್ತಾನೆ. "ಎದುರಿಗೆ ಕೋಟೆ, ಬಾಗಿಲಲ್ಲಿ ಇಬ್ಬರು ಕಾವಲುಗಾರರು, ಏನು ಮಾಡ್ತೀರಿ?" ಎಂದು ಕೇಳುತ್ತಾನೆ. ಉಳಿದವರಿಗೆ ಒಂದೊಂದು ಪಾತ್ರ. ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಅವರು ಬಾಯಲ್ಲೇ ಹೇಳುತ್ತಾರೆ. ಆದೀತೋ ಇಲ್ಲವೋ ಎನ್ನುವುದನ್ನು ನಿಯಮ ಮತ್ತು ದಾಳ ತೀರ್ಮಾನಿಸುತ್ತವೆ.

ಮೊದಲ ಪುಸ್ತಕದಲ್ಲಿ ಯೋಧ, ಮಂತ್ರಗಾರ, ಪುರೋಹಿತ ಎಂಬ ಮೂರು ಬಗೆಯ ಪಾತ್ರ ಮಾತ್ರ ಇತ್ತು. ಕಳ್ಳ ಬಂದದ್ದು 1975ರ ‘ಗ್ರೇಹಾಕ್’ ಎಂಬ ಪುರವಣಿಯಲ್ಲಿ. 2000ದ ಆವೃತ್ತಿಯಲ್ಲಿ ಆ ಪಾತ್ರಕ್ಕೆ ‘ರೋಗ್’ ಎಂದು ಹೆಸರಾಯಿತು. ಹೆಸರು ಕೇಳಿ ನಮ್ಮ ಹುಡುಗರು "ಏನು ರೋಗ ಇದು?" ಎಂದು ನಕ್ಕರು. ಕಳ್ಳತನಕ್ಕಿಂತ ಚುರುಕುತನಕ್ಕೆ ಒತ್ತು ಕೊಟ್ಟ ಹೆಸರು ಅದು. 2014ರ ಆವೃತ್ತಿಯಲ್ಲಿ ಪಾತ್ರ 20 ಮೆಟ್ಟಿಲು ಏರುತ್ತದೆ. ಮೂರನೇ ಮೆಟ್ಟಿಲಲ್ಲಿ ರೋಗ್ ತನ್ನದೇ ಒಂದು ಕವಲನ್ನು ಆರಿಸಿಕೊಳ್ಳಬೇಕು. ಆ ಕವಲಿನ ಶಕ್ತಿಗಳು 3, 9, 13 ಮತ್ತು 17ನೇ ಮೆಟ್ಟಿಲಲ್ಲಿ ಸಿಗುತ್ತವೆ. ಆಟದ ಮೂಲ ನಿಯಮಗಳ ಒಂದು ಭಾಗವನ್ನು 2023ರ ಜನವರಿಯಲ್ಲಿ ಎಲ್ಲರ ಬಳಕೆಗೆ ಮುಕ್ತವಾಗಿ ಬಿಟ್ಟಿದ್ದಾರೆ. ಮೂಲದ ಹೆಸರು ಹೇಳಿ ಯಾರು ಬೇಕಾದರೂ ಅದರ ಮೇಲೆ ಹೊಸ ಕವಲು ಕಟ್ಟಬಹುದು, ಅಚ್ಚು ಹಾಕಲೂಬಹುದು.

"ಹಾಗಾದರೆ ಮೋನೆ, ಈ ಹುಡುಗನಿಗೆ ನಾವೇ ಒಂದು ಕವಲು ಮಾಡಿ ಕೊಡೋಣ" ಅಂದೆ. ಅಳಿಯ ನನ್ನ ಮುಖ ನೋಡಿದ. "ಮಾಮ, ನೀವೂ ಆಡ್ತೀರಾ?"

ಆಡುವುದು ಆಮೇಲಿನ ಮಾತು. ಮೊದಲು ದಾಳದ ವಿಚಾರ ಮುಗಿಯಬೇಕಿತ್ತು.

ದಾಳ ಬಿಟ್ಟು ಆಡಲು ಆಗುವುದೇ?

ನಾವು ಬ್ಯಾರಿಗಳು ಶಾಫಿಈ ಮದ್‌ಹಬಿನವರು. ನರ್ದ್ ಎಂಬ ದಾಳದ ಆಟವನ್ನು ಪ್ರವಾದಿ(ಸ) ಕಠಿಣವಾಗಿ ವಿರೋಧಿಸಿದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಯೋಚನೆ ಮತ್ತು ಲೆಕ್ಕಾಚಾರದ ಮೇಲೆ ನಿಂತ ಆಟ ಬೇರೆ, ಬಿದ್ದಂತೆ ನಡೆಯುವ ಆಟ ಬೇರೆ ಎಂದು ನಮ್ಮ ಫಿಕ್‌ಹ್ ಕಿತಾಬುಗಳು ವಿಂಗಡಿಸುತ್ತವೆ. ಹಣ ಕಟ್ಟಿದರಂತೂ ಯಾವ ಆಟವಾದರೂ ಜೂಜೇ. ನಾನು ಫತ್ವಾ ಕೊಡುವವನಲ್ಲ, ಮಕ್ಕಳಿಗೆ ಪಾಠ ಹೇಳುವವನು. ಸಂಶಯ ಇರುವಲ್ಲಿ ನಿಮ್ಮ ಊರಿನ ಖತೀಬರನ್ನು ಕೇಳಿ. ನಾನು ಮಾತ್ರ ಅಳಿಯನಿಗೆ ದಾಳದ ಚೀಲವನ್ನು ಕಪಾಟಿಗೆ ಹಾಕಲು ಹೇಳಿದೆ.

ಅವನಿಗೆ ಬೇಸರವಾಯಿತು. ಆದರೆ ಅವನೇ ಹುಡುಕಿ ಒಂದು ವಿಷಯ ತಂದ. ಎರಿಕ್ ವುಜ್‌ಸಿಕ್ ಎಂಬಾತ 1991ರಲ್ಲೇ ‘ಆ್ಯಂಬರ್’ ಎಂಬ ಇದೇ ಬಗೆಯ ಆಟವನ್ನು ದಾಳವಿಲ್ಲದೆ ಮಾಡಿದ್ದಾನಂತೆ. ನಮ್ಮ ಹಳ್ಳಿಗಳ ಆಡು-ಹುಲಿ ಆಟವನ್ನು ನಾನು ನೆನಪಿಸಿದೆ. ಕಲ್ಲಿನ ಮೇಲೆ ಗೆರೆ ಎಳೆದು ಒಂದು ಕಡೆ 3 ಹುಲಿ, ಇನ್ನೊಂದು ಕಡೆ 15 ಆಡು ಇಟ್ಟು ಆಡುವುದುಂಟು. ದಾಳ ಇಲ್ಲ, ಎರಡು ಕಡೆಯ ಶಕ್ತಿಯೂ ಒಂದೇ ಅಲ್ಲ, ಆದರೂ ಆಟ ಸರಿಯಾಗಿ ತೂಗುತ್ತದೆ.

ಅಡಗುವ ಪಾತ್ರಕ್ಕೆ ದಾಳದಿಂದ ಒಳ್ಳೆಯದೂ ಆಗುವುದಿಲ್ಲ ಎಂದು ಲೆಕ್ಕ ಹಾಕಿದಾಗ ಗೊತ್ತಾಯಿತು. ಪುಸ್ತಕದ ನಿಯಮದಲ್ಲಿ 20 ಮುಖದ ದಾಳ ಉರುಳಿಸಿ, ಪಾತ್ರದ ಚುರುಕುತನದ ಅಂಕಿ ಸೇರಿಸಿ, ಅದನ್ನು ಕಾವಲುಗಾರನ ಎಚ್ಚರದ ಅಂಕಿಯ ಜೊತೆ ಹೋಲಿಸುತ್ತಾರೆ. ಎಚ್ಚರ 12, ಚುರುಕುತನ 6 ಎಂದಿಟ್ಟುಕೊಳ್ಳಿ. ದಾಳದಲ್ಲಿ 6 ಅಥವಾ ಮೇಲೆ ಬಿದ್ದರೆ ದಾಟಿದಂತೆ. ಅಂದರೆ 20ರಲ್ಲಿ 15 ಸಲ, ನೂರಕ್ಕೆ 75. ಕೇಳಲು ಚೆನ್ನಾಗಿದೆ. ಆದರೆ ಕೋಟೆಯಲ್ಲಿ ನಾಲ್ವರು ಕಾವಲುಗಾರರಿದ್ದು ಪ್ರತಿಯೊಬ್ಬನ ಮುಂದೆಯೂ ಒಂದೊಂದು ಸಲ ಉರುಳಿಸಿದರೆ ನಾಲ್ಕೂ ಸಲ ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 32 ಮಾತ್ರ. ಅಡಗುವುದರಲ್ಲೇ ಪಳಗಿದವನು ಮೂರರಲ್ಲಿ ಎರಡು ಸಲ ಸಿಕ್ಕಿಬೀಳುತ್ತಾನೆ! ಕುರುಗೋಡಿನಿಂದ ರಜೆಗೆ ಬಂದಿದ್ದ ಒಬ್ಬ ಹುಡುಗ ಇದನ್ನು ನೋಟ್‌ಬುಕ್ಕಿನಲ್ಲಿ ಗುಣಿಸಿ ತೋರಿಸಿ, "ಇದು ಮೋಸ ಐತ್ರಿ ಉಸ್ತಾದ್" ಅಂದ.

ಕೋಟೆಯ ಮೇಲೆ ಒಂದು ಪಾಠ

ಶುಕ್ರವಾರ ಬೆಳಿಗ್ಗೆ, ಬಿಸಿಲೇರುವ ಮೊದಲು, ಹುಡುಗರನ್ನು ಬಳ್ಳಾರಿ ಕೋಟೆಗೆ ಕರೆದುಕೊಂಡು ಹೋದೆ. ಮೇಲಿನ ಕೋಟೆ ಹನುಮಪ್ಪ ನಾಯಕನ ಕಾಲದ್ದು, ಕೆಳಗಿನದು ಹೈದರಲಿ ಕಟ್ಟಿಸಿದ್ದು. ಊರಿನವರು ಹೇಳುವ ಕಥೆಯೊಂದಿದೆ. ಹೈದರಲಿಗೆ ಕೋಟೆ ಕಟ್ಟಿಕೊಟ್ಟದ್ದು ಒಬ್ಬ ಫ್ರೆಂಚ್ ಎಂಜಿನಿಯರ್ ಅಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ. ಅಲ್ಲಿ ನಿಂತವನಿಗೆ ಕೋಟೆಯ ಗುಟ್ಟೆಲ್ಲ ಕಾಣುತ್ತದೆ. ಸಿಟ್ಟಿಗೆದ್ದ ಹೈದರಲಿ ಎಂಜಿನಿಯರನ್ನು ಗಲ್ಲಿಗೇರಿಸಿದನಂತೆ.

ಕಥೆ ನಿಜವೋ ಅಲ್ಲವೋ, ನಮ್ಮ ಕೆಲಸಕ್ಕೆ ಪಾಠ ಸಿಕ್ಕಿತು. ಅಡಗುವುದು ಅದೃಷ್ಟದಿಂದ ಆಗುವುದಿಲ್ಲ. ಯಾರು ಎಲ್ಲಿ ನಿಂತಿದ್ದಾರೆ, ಅವರಿಗೆ ಎಲ್ಲಿಂದ ಎಲ್ಲಿವರೆಗೆ ಕಾಣುತ್ತದೆ ಎಂದು ಮೊದಲು ನೋಡಬೇಕು. ಹುಡುಗರು ಒಂದೊಂದು ಬುರುಜಿನ ಹತ್ತಿರ ನಿಂತು ಯಾವ ಮೆಟ್ಟಿಲು ಕಾಣುತ್ತದೆ, ಯಾವುದು ಬಂಡೆಯ ಮರೆಗೆ ಹೋಗುತ್ತದೆ ಎಂದು ಗುರುತು ಹಾಕಿಕೊಂಡರು. ತೊದಲುವ ಹುಡುಗ ಏನೂ ಹೇಳಲಿಲ್ಲ. ಆದರೆ ಮನೆಗೆ ಬಂದು ಅವನು ಬಿಡಿಸಿದ ನಕ್ಷೆಯಲ್ಲಿ ಉಳಿದವರು ಬಿಟ್ಟಿದ್ದ ಎರಡು ಮರೆ ಜಾಗಗಳಿದ್ದವು.

ಹಳೆಯ ಕಥೆಗಳಲ್ಲಿ ಇದೇ ಪಾತ್ರ

ಇದು ಅಮೆರಿಕದ ಕಲ್ಪನೆ, ನಮಗೆ ಹೊರಗಿನದು ಎಂದು ಕೆಲವರು ಹೇಳಬಹುದು. ನಮ್ಮ ಗುಂಪಿನ ಉರ್ದು ಮನೆಯ ಹುಡುಗರು ಹಾಗೆ ಹೇಳಲಿಲ್ಲ. "ಇದು ಅಮರ್ ಅಯ್ಯಾರ್ ಅಲ್ವಾ ಉಸ್ತಾದ್?" ಅಂದರು. ಅಮೀರ್ ಹಮ್ಝಾ ದಾಸ್ತಾನಿನ ಅಮರ್ ಹೊದ್ದರೆ ಮಾಯವಾಗುವ ಕಂಬಳಿ, ಏನು ಹಾಕಿದರೂ ಹಿಡಿಸುವ ಚೀಲ ಇಟ್ಟುಕೊಂಡು ವೇಷ ಬದಲಿಸಿ ಓಡಾಡುವವನು. ಅಕ್ಬರ್ ಬಾದಷಾ ಈ ದಾಸ್ತಾನಿಗೆ ಸುಮಾರು 1400 ಚಿತ್ರ ಬರೆಸಿದ್ದ. ಆ ಕೆಲಸಕ್ಕೆ 15 ವರ್ಷ ಹಿಡಿಯಿತು. 19ನೇ ಶತಮಾನದ ಕೊನೆಗೆ ಲಕ್ನೋದ ನವಲ್ ಕಿಶೋರ್ ಪ್ರೆಸ್ ಇದನ್ನು ಉರ್ದುವಿನಲ್ಲಿ ಸಂಪುಟ ಸಂಪುಟವಾಗಿ ಅಚ್ಚು ಹಾಕಿತು. ಅಯ್ಯಾರ್ ಎನ್ನುವುದೇ ಒಂದು ವರ್ಗ, ಅದರೊಳಗೆ ನೂರು ಉಪಾಯ. ಇದೆಲ್ಲ ರೋಗ್ ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಮಾತು.

ಆದರೆ ಅಮರ್ ಲೂಟಿಯನ್ನೂ ಮಾಡುತ್ತಾನೆ. ನನಗೆ ಬೇಕಾದದ್ದು ಅದಕ್ಕಿಂತ ಬೇರೆ. ಸೀರತ್ ಪಾಠದಲ್ಲಿ ಮಕ್ಕಳಿಗೆ ಎರಡು ಘಟನೆ ಹೇಳುತ್ತೇವೆ. ಒಂದು ಹಿಜ್‌ರಾದ್ದು. ಸೌರ್ ಗುಹೆಯಲ್ಲಿದ್ದ ಮೂರು ರಾತ್ರಿ ಅಬ್ದುಲ್ಲಾ ಬಿನ್ ಅಬೂಬಕರ್(ರ) ಹಗಲಿಡೀ ಮಕ್ಕಾದಲ್ಲಿದ್ದು ಕಿವಿಗೊಟ್ಟು, ಕತ್ತಲಾದ ಮೇಲೆ ಬಂದು ಸುದ್ದಿ ಮುಟ್ಟಿಸುತ್ತಿದ್ದರು. ಅವರ ಹೆಜ್ಜೆ ಗುರುತಿನ ಮೇಲೆ ಆಮಿರ್ ಬಿನ್ ಫುಹೈರಾ(ರ) ಆಡುಗಳನ್ನು ನಡೆಸಿ ಅಳಿಸಿಬಿಡುತ್ತಿದ್ದರು. ಇನ್ನೊಂದು ಹಿಜರಿ 5ರ ಖಂದಕ್ ಯುದ್ಧದ್ದು. ಗಾಳಿ, ಚಳಿಯ ರಾತ್ರಿ ಹುಝೈಫಾ(ರ) ಶತ್ರುಗಳ ನಡುವೆ ಹೋಗಿ ಕೂತರು. ಪಕ್ಕದಲ್ಲಿರುವವರು ಯಾರೆಂದು ನೋಡಿಕೊಳ್ಳಿ ಎಂದು ಅಬೂಸುಫ್ಯಾನ್ ಕೂಗಿದ್ದೇ ತಡ, ಹುಝೈಫಾ(ರ) ತಾವೇ ಪಕ್ಕದವನ ಕೈ ಹಿಡಿದು ನೀನು ಯಾರು ಎಂದು ಕೇಳಿಬಿಟ್ಟರು. ಬಾಣ ಬಿಡುವ ಅವಕಾಶ ಸಿಕ್ಕಿತ್ತು. ಆದರೆ ಸುದ್ದಿ ತರಬೇಕು, ಏನನ್ನೂ ಕೆಣಕಬಾರದು ಎಂಬ ಆಜ್ಞೆ ಇತ್ತು. ಸುಮ್ಮನೆ ಹಿಂದಿರುಗಿ ಬಂದು ಕಂಡದ್ದನ್ನು ಹೇಳಿದರು.

ಸಹಾಬಿಗಳ ಹೆಸರನ್ನು ಆಟಕ್ಕೆ ತರಬಾರದು ಎಂದು ಹುಡುಗರಿಗೆ ಮೊದಲೇ ಗೆರೆ ಎಳೆದೆ. ಕಲಿಯಬೇಕಾದ ಪಾಠ ಮಾತ್ರ ಸ್ಪಷ್ಟವಾಗಿತ್ತು. ಎರಡೂ ಕಡೆ ಅಡಗುವುದು ಕದಿಯುವುದಕ್ಕಲ್ಲ, ಕೊಲ್ಲುವುದಕ್ಕೂ ಅಲ್ಲ. ತನ್ನವರಿಗೆ ಸುದ್ದಿ ತಂದು ಮುಟ್ಟಿಸುವುದಕ್ಕೆ. ಸುದ್ದಿ ಅವನ ಕೈಯಲ್ಲಿರುವ ಅಮಾನತ್ತು. ಹಾಗಾಗಿ ನಮ್ಮ ಕವಲಿಗೆ ‘ಸುದ್ದಿಗಾರ’ ಎಂದು ಹೆಸರಿಟ್ಟೆವು. ಹೊಡೆತ ಹೆಚ್ಚಿಸುವ ಶಕ್ತಿ ಇದರಲ್ಲಿ ಒಂದೂ ಇಲ್ಲ.

ಎರಡು ಸಲ ಕೆಟ್ಟ ನಿಯಮ

ನಿಯಮ ಮಾಡುವುದು ಸುಲಭ ಅಂದುಕೊಂಡಿದ್ದೆ. ದಾಳದ ಬದಲು ಆರು ಹುಣಸೆ ಬೀಜ ಕೊಟ್ಟೆವು. ಉರುಳಿಸಲಿಕ್ಕಲ್ಲ, ಖರ್ಚು ಮಾಡಲಿಕ್ಕೆ. ಪ್ರತಿ ಕಾವಲುಗಾರನಿಗೆ 1ರಿಂದ 3ರವರೆಗೆ ಎಚ್ಚರದ ಅಂಕಿ. ಅದನ್ನು ಚೀಟಿಯಲ್ಲಿ ಬರೆದು ಲೋಟದ ಕೆಳಗೆ ಮುಚ್ಚಿಡುತ್ತೇವೆ. ಕಾವಲುಗಾರನನ್ನು ದಾಟಲು ಅಷ್ಟು ಬೀಜ ಕೊಡಬೇಕು. ಒಂದು ಸರದಿ ಸುಮ್ಮನೆ ನಿಂತು ಗಮನಿಸಿದರೆ ಚೀಟಿ ನೋಡಬಹುದು. ಕತ್ತಲು, ಬಂಡೆಯ ಮರೆ, ಹೊಳೆಯ ಸದ್ದು ಹೀಗೆ ಜಾಗದಲ್ಲಿರುವ ಏನನ್ನಾದರೂ ಬಳಸಿಕೊಂಡರೆ ಒಂದು ಬೀಜ ಕಡಿಮೆ. ಸಿರುಗುಪ್ಪದ ಹುಡುಗನಿಗೆ ಅಕ್ಕಿ ಗಿರಣಿಯ ಸದ್ದು ಗೊತ್ತು. ಗಿರಣಿ ತಿರುಗುವಾಗ ಹೆಜ್ಜೆ ಸದ್ದು ಯಾರಿಗೆ ಕೇಳುತ್ತದೆ ಎಂದು ಚೀಟಿಯಲ್ಲಿ ಬರೆದು ತೋರಿಸಿದ. ಬೀಜ ಉಳಿಯಿತು.

ಮೊದಲ ದಿನದ ಆಟ: ಕೋಟೆಯೊಳಗೆ ಸಿಕ್ಕಿಬಿದ್ದ ಒಬ್ಬ ವೈದ್ಯನನ್ನು ಹೊರಗೆ ತರಬೇಕು. ಬೀಜ ಮುಗಿದ ಕೂಡಲೇ ಸಿಕ್ಕಿಬಿದ್ದ ಹಾಗೆ ಎಂದು ನಿಯಮ ಮಾಡಿದ್ದೆವು. ಹತ್ತೇ ನಿಮಿಷದಲ್ಲಿ ಸುದ್ದಿಗಾರ ಸಿಕ್ಕಿಬಿದ್ದ, ಆಟ ಮುಗಿಯಿತು. ಅದಕ್ಕೆ ಮೂರು ಹಂತ ಮಾಡಿದೆವು. ಬೀಜ ಸಾಲದಿದ್ದರೆ ಕಾವಲುಗಾರ ಮೊದಲು ತಲೆ ತಿರುಗಿಸುತ್ತಾನೆ, ಮತ್ತೂ ಮುಂದುವರಿದರೆ ಹತ್ತಿರ ಬಂದು ನೋಡುತ್ತಾನೆ, ಮೂರನೆಯದಕ್ಕೆ ಹಿಡಿಯುತ್ತಾನೆ. ನಡುವೆ ಉಪಾಯ ಮಾಡಲು ಸಮಯ ಸಿಗುತ್ತದೆ.

ಎರಡನೇ ದಿನ ಇನ್ನೊಂದು ತಪ್ಪು. ಒಂದು ಸರದಿ ಅಲುಗಾಡದೆ ಕೂತರೆ ಒಂದು ಬೀಜ ವಾಪಸ್ ಎಂದು ನಾನೇ ಹೇಳಿದ್ದೆ. ಹುಡುಗ ಕೋಟೆಯ ಒಂದು ಮೂಲೆಯಲ್ಲಿ ಕೂತುಬಿಟ್ಟ. ಒಂದು ಗಂಟೆ ಅಲುಗಲಿಲ್ಲ, ಬಾಯಿ ಬಿಡಲಿಲ್ಲ. ಬೀಜ ಎಲ್ಲ ಅವನ ಹತ್ತಿರವೇ ಇತ್ತು. ಉಳಿದವರು ಶೇಂಗಾ ತಿನ್ನುತ್ತಾ ಕೂತರು. ಒಬ್ಬ ನಿದ್ದೆ ಮಾಡಿದ. ಆ ರಾತ್ರಿ ನನಗೆ ಅವನ ಉಮ್ಮನ ಮಾತು ನೆನಪಾಯಿತು. ಬಚ್ಚಿಟ್ಟುಕೊಳ್ಳುವವನಿಗೆ ಬಚ್ಚಿಟ್ಟುಕೊಂಡದ್ದಕ್ಕೇ ಬಹುಮಾನ ಕೊಟ್ಟ ನಿಯಮ ಅದು. ತಪ್ಪು ಹುಡುಗನದ್ದಲ್ಲ, ನನ್ನದು.

ಅಳಿಯ ಆಗ ‘ಸ್ಕಾಟ್‌ಲ್ಯಾಂಡ್ ಯಾರ್ಡ್’ ಎಂಬ ಆಟದ ವಿಷಯ ಹೇಳಿದ. 1983ರಲ್ಲಿ ಜರ್ಮನಿಯಲ್ಲಿ ವರ್ಷದ ಆಟ ಎಂದು ಬಹುಮಾನ ಪಡೆದದ್ದು. ಅದರಲ್ಲಿ ಒಬ್ಬ ಲಂಡನ್ ನಕ್ಷೆಯ ಮೇಲೆ ಕಾಣದಂತೆ ಓಡುತ್ತಾನೆ, ಉಳಿದವರು ಹಿಡಿಯಬೇಕು. ಆದರೆ 3ನೇ, 8ನೇ, 13ನೇ, 18ನೇ ನಡೆಯಲ್ಲಿ ಅವನು ತಾನಿರುವ ಜಾಗ ತೋರಿಸಲೇಬೇಕು. ಪೂರ್ತಿ ಮಾಯವಾದವನ ಜೊತೆ ಯಾರೂ ಆಡಲಾರರು ಎನ್ನುವುದು ಅದನ್ನು ಮಾಡಿದವರಿಗೆ ಗೊತ್ತಿತ್ತು.

ಹೇಳಿದರೆ ಮಾತ್ರ ಬೀಜ

ಮೂರನೇ ಸಲ ಬರೆದ ನಿಯಮ ಈಗ ಎರಡು ಹಾಳೆಯಲ್ಲಿದೆ. ಅದರ ತಿರುಳು ಇಷ್ಟು.

3ನೇ ಮೆಟ್ಟಿಲಲ್ಲಿ ಎರಡು ಶಕ್ತಿ. ಒಂದು, ಹೆಜ್ಜೆ ಅಳಿಸುವುದು. ಆಡು, ಎತ್ತಿನ ಗಾಡಿ, ಸಂತೆಯ ಜನ ಹೀಗೆ ಊರಿನ ದಿನದ ಓಡಾಟವನ್ನೇ ಮರೆ ಮಾಡಿಕೊಂಡರೆ ಅವನ ಜಾಡು ಯಾರಿಗೂ ಸಿಗದು. ಇನ್ನೊಂದು, ಸುದ್ದಿ ಒಪ್ಪಿಸುವುದು. ಖರ್ಚಾದ ಬೀಜ ಕೂತರೆ ಬರುವುದಿಲ್ಲ. ಗೆಳೆಯರ ಹತ್ತಿರ ವಾಪಸ್ ಬಂದು ಕಂಡದ್ದನ್ನು ಹೇಳಬೇಕು. ಹೇಳಿದ ಪ್ರತಿ ನಿಜ ಸಂಗತಿಗೆ ಒಂದು ಬೀಜ ಅವನಿಗೆ, ಒಂದು ಬೀಜ ಕೇಳಿದವರಿಗೆ. ಆ ಬೀಜ ಇಟ್ಟುಕೊಂಡೇ ಗೆಳೆಯರು ಮುಂದಿನ ಕಷ್ಟದ ಕೆಲಸ ಮಾಡಬೇಕು.

9ನೇ ಮೆಟ್ಟಿಲಲ್ಲಿ ‘ಮೊದಲು ಕೇಳಿದವ’. ಯಾರಾದರೂ ಪ್ರಶ್ನೆ ಮಾಡುವ ಮೊದಲೇ ತಾನು ಪ್ರಶ್ನೆ ಕೇಳಿದರೆ ಸಂಶಯ ಒಂದು ಹಂತ ಇಳಿಯುತ್ತದೆ. 13ನೇ ಮೆಟ್ಟಿಲಲ್ಲಿ ತನ್ನ ಮರೆಯನ್ನು ಜೊತೆಗಿರುವ ಒಬ್ಬನಿಗೂ ಕೊಡಬಹುದು. 17ನೆಯದರಲ್ಲಿ ಇಡೀ ಗುಂಪಿಗೆ, ಆದರೆ ಆಟಕ್ಕೊಮ್ಮೆ ಮಾತ್ರ. ಮೆಟ್ಟಿಲು ಏರಿದಷ್ಟೂ ಅವನು ಒಬ್ಬನೇ ಅಡಗುವವನಾಗಿ ಉಳಿಯದೆ ಬೇರೆಯವರನ್ನು ಕಾಪಾಡುವವನಾಗಬೇಕು ಎಂಬುದು ನಮ್ಮ ಲೆಕ್ಕ.

ಕೊನೆಯ ನಿಯಮ ಸೇರಿಸಿದ್ದು ಕುರುಗೋಡಿನ ಹುಡುಗ. ಸುದ್ದಿಗಾರ ಹೇಳುವಾಗ ನಡುವೆ ಬಾಯಿ ಹಾಕಿ ಅವನ ಮಾತನ್ನು ತಾವೇ ಮುಗಿಸಿದರೆ ಆ ಸಂಗತಿಗೆ ಬೀಜ ಇಲ್ಲ. ಅವನು ಅದನ್ನು ಸೇರಿಸಿದ್ದು ಗೆಳೆಯನ ಮೇಲಿನ ಕರುಣೆಯಿಂದಲ್ಲ. ಅವಸರದಲ್ಲಿ ತಪ್ಪು ಸುದ್ದಿ ಕಟ್ಟಿಕೊಂಡು ಹಿಂದಿನ ಆಟದಲ್ಲಿ ಅವರೆಲ್ಲ ಸೋತಿದ್ದರು, ಅದಕ್ಕೆ.

ಆ ದಿನ ಸಿರುಗುಪ್ಪದ ಹುಡುಗ ಕೋಟೆಯೊಳಗೆ ಹೋಗಿ ಬಂದ. ಆರು ಬೀಜವೂ ಖಾಲಿ. ಗೆಳೆಯರು ಸುತ್ತ ಕೂತರು. "ಬಾ... ಬಾ... ಬಾವಿಯ" ಎಂದು ಶುರು ಮಾಡಿದ. ಯಾರೋ "ಬಾವಿಯ ಹತ್ತಿರನಾ?" ಎನ್ನಲು ಹೋದರು. ಪಕ್ಕದವನು ಅವನ ತೊಡೆಗೆ ತಟ್ಟಿದ. ಎಲ್ಲರೂ ಸುಮ್ಮನಾದರು. ಬಾವಿಯ ಹಿಂದೆ ಒಂದು ಕಿಂಡಿ ಬಾಗಿಲಿದೆ, ಅಲ್ಲಿನ ಕಾವಲುಗಾರ ಮಗ್ರಿಬ್ ಹೊತ್ತಿಗೆ ದೀಪ ತರಲು ಹೋಗುತ್ತಾನೆ, ವೈದ್ಯನಿಗೆ ನಡೆಯಲು ಆಗುವುದಿಲ್ಲ, ಹೊರಬೇಕು. ಇಷ್ಟು ಹೇಳಲು ಅವನಿಗೆ ಐದಾರು ನಿಮಿಷ ಹಿಡಿಯಿತು. ಆ ಐದಾರು ನಿಮಿಷ ಯಾರೂ ಶೇಂಗಾ ಕೈಗೆತ್ತಿಕೊಳ್ಳಲಿಲ್ಲ. ಅವನು ಹೇಳುವುದು ಅವರಿಗೆ ಬೇಕಾಗಿತ್ತು. ವೈದ್ಯ ಹೊರಗೆ ಬಂದ. ಅಸರ್ ಬಾಂಗ್ ಆಯಿತು, ಚಾಪೆ ಮಡಚಿದೆವು.

ಆಟ ತೊದಲನ್ನು ವಾಸಿ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಮಾತಿನ ಚಿಕಿತ್ಸೆ ಕೊಡುವ ತಜ್ಞರಿದ್ದಾರೆ, ತೋರಿಸಬೇಕು. ಅವನ ಮನೆಯವರಿಗೂ ಅದನ್ನೇ ಹೇಳಿದೆ, ಅವರು ಒಪ್ಪಿದ್ದಾರೆ. ಅವನು ಈಗಲೂ ತೊದಲುತ್ತಾನೆ. ಆದರೆ ಮದ್ರಸ ಮತ್ತೆ ಶುರುವಾದ ಎರಡನೇ ವಾರ ಓದುವ ಸರದಿ ಬಂದಾಗ ನೀರಿನ ನೆಪ ಹೇಳಲಿಲ್ಲ. ನಿಂತು ಅರ್ಧ ಪುಟ ಓದಿದ. ರಜೆಯಲ್ಲಿ ಆಡಿದ್ದ ಹುಡುಗರು ಬಾಯಿ ಹಾಕಲಿಲ್ಲ. ನಾನೂ ಹಾಕಲಿಲ್ಲ. ನಿಜ ಹೇಳಬೇಕೆಂದರೆ ಮೊದಲೆಲ್ಲ ಅವನ ಮಾತನ್ನು ನಡುವೆ ಮುಗಿಸುತ್ತಿದ್ದವರಲ್ಲಿ ನಾನೇ ಮೊದಲಿಗ.

ಅವನ ಉಮ್ಮನಿಗೆ ಒಂದು ವಾರ ಎಂದು ಹೇಳಿ ಒಂದು ತಿಂಗಳು ತೆಗೆದುಕೊಂಡೆ. ಹೋಗಿ ಎಲ್ಲ ವಿವರಿಸಿದೆ. ದಾಳ ಇಲ್ಲ, ಹಣ ಇಲ್ಲ, ಕಳ್ಳತನವೂ ಇಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊನ್ನೆ ಆಟದ ಕಥೆ ಪೂರ್ತಿ ನನಗೆ ಹೇಳಿದ ಉಸ್ತಾದ್. ನಾನು ಅಡುಗೆ ಮಾಡ್ತಾ ಕೇಳಿದೆ" ಅಂದರು. ಆಮೇಲೆ, "ಮುಂದಿನ ಸಲ ಒಲೆ ಆರಿಸಿ ಕೂತು ಕೇಳ್ತೇನೆ" ಅಂತಲೂ ಹೇಳಿದರು.

ನಿಮ್ಮ ಮನೆಯಲ್ಲೂ ಮೂಲೆ ಹುಡುಕುವ ಮಗು ಇರಬಹುದು. ಆಟ ಬೇಕೆಂದರೆ ಒಂದು ಪೆನ್ಸಿಲು, ಒಂದು ಹಾಳೆ, ಆರು ಹುಣಸೆ ಬೀಜ ಸಾಕು. ಮಗು ಅಡಗಲಿ, ಅದರಲ್ಲೂ ಒಂದು ಜಾಣತನವಿದೆ. ಆದರೆ ಅದು ವಾಪಸ್ ಬಂದು ಹೇಳುವಾಗ ಕೇಳಲು ನಾವು ಅಲ್ಲಿ ಕೂತಿರಬೇಕು.